ಹಲ್ಲಿನ ಡಾಕ್ಟರ ತಲೆ ಮೇಲೆ ಮೂರು ವೃತ್ತ

ಲೋಕದಲ್ಲಿ ಸುಳ್ಳು ಹೇಳದವರು ಯಾರಿದ್ದಾರೆ? ತೂಕದಲ್ಲಿ ಸುಳ್ಳು ಹೇಳುವವರಿದ್ದಾರೆ, ವಯಸ್ಸಿನಲ್ಲಿ ಹೇಳುವವರಿದ್ದಾರೆ, ಅಡುಗೆ ಚೆನ್ನಾಗಿದೆ ಎಂದು ದಿನಕ್ಕೆರಡು ಹೊತ್ತು ಹೇಳಿ ಸಂಸಾರ ತೂಗಿಸುವ ಪುಣ್ಯಾತ್ಮರಂತೂ ಮನೆಗೊಬ್ಬರಿದ್ದಾರೆ. ಆದರೆ ನಮ್ಮ ಟೇಪಣ್ಣನ ಸುಳ್ಳಿಗೆ ಬಂದ ಯೋಗ ಬೇರೆ ಯಾರ ಸುಳ್ಳಿಗೂ ಬರಲಿಲ್ಲ. ಅವನು ಹೇಳಿದ್ದು ಎರಡೇ ಎರಡು ಇಂಚಿನ ಸುಳ್ಳು. ಅಷ್ಟರಿಂದ ಒಂದು ಇಡೀ ಬೀದಿ ನೆಲಸಮವಾಗುವುದರಲ್ಲಿತ್ತು.

ಟೇಪಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಅವನು ಸರ್ವೆ ಕಚೇರಿಯಲ್ಲಿ ಜಾಗ ಅಳೆಯುವವನು. ಬೆಳಿಗ್ಗೆ ಮೂರು ಕಾಲಿನ ಸ್ಟ್ಯಾಂಡನ್ನು ಹೆಗಲಿಗೇರಿಸಿ ಹೊರಟರೆ, ಅಣ್ಣತಮ್ಮಂದಿರ ಬೈಗುಳದ ನಡುವೆ ಗಡಿ ಗುರುತಿಸಿ, ಎರಡೂ ಕಡೆಯವರಿಂದ ಶಾಪ ಹಾಕಿಸಿಕೊಂಡು, ಸಂಜೆ ಸುಣ್ಣದ ಪುಡಿ ಮೆತ್ತಿದ ಚಪ್ಪಲಿಯಲ್ಲಿ ಮನೆಗೆ ಬರುತ್ತಿದ್ದ. ಮನೆ ಎಂದರೆ ಓನರಮ್ಮನ ಮನೆಯ ಮಹಡಿ ಮೇಲಿನ ಒಂಟಿ ಕೋಣೆ. ವಯಸ್ಸು ನಲವತ್ತರ ಹೊಸಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎನ್ನುತ್ತಿತ್ತು. ಅಳತೆಯಲ್ಲಿ ಒಂದು ಕೂದಲೆಳೆ ತಪ್ಪಿದರೆ ಆ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಅವನ ಅಕ್ಕ ಪ್ರತಿ ಭಾನುವಾರ ಫೋನಿನಲ್ಲಿ ಒಂದೇ ಪಲ್ಲವಿ ಹಾಡುತ್ತಿದ್ದಳು. "ಲೋ, ಊರವರ ಜಾಗ ಎಲ್ಲಾ ಅಳೆದೆ. ನಿನ್ನ ಪಕ್ಕದ ಜಾಗ ಖಾಲಿ ಬಿದ್ದಿರೋದು ಕಣ್ಣಿಗೆ ಕಾಣಲ್ವಾ?"

"ಸಿಗಬೇಕಲ್ಲಕ್ಕಾ."

"ಮನೇಲಿ ಕೂತ್ರೆ ಯಾರು ಬಾಗಿಲು ತಟ್ಟಿ ಬರ್ತಾರೆ? ಈಗ ಎಲ್ಲಾ ಫೋನಲ್ಲೇ ಸಿಗುತ್ತಂತೆ. ನಮ್ಮ ಪಕ್ಕದ ಮನೆಯವಳಿಗೆ ಹಾಸಿಗೆ, ಮಿಕ್ಸಿ, ಗಂಡ, ಮೂರೂ ಫೋನಲ್ಲೇ ಬಂತು. ಮಿಕ್ಸಿ ಒಂದು ಕೆಟ್ಟಿದೆ, ಉಳಿದಿದ್ದು ನಡೀತಿದೆ."

ಕೊನೆಗೆ ಒಂದು ದಿನ ಅಕ್ಕ ತಾನೇ ಬಂದು, ಅವನ ಫೋನು ಕಿತ್ತುಕೊಂಡು, ಜೋಡಿ ಹುಡುಕುವ ಆ್ಯಪ್ ಒಂದನ್ನು ಹಾಕಿಸಿಯೇ ಹೋದಳು. ಆ್ಯಪ್ ಕೇಳುವ ಪ್ರಶ್ನೆಗಳಿಗೆ ಟೇಪಣ್ಣ ಪ್ರಾಮಾಣಿಕನಾಗಿಯೇ ಉತ್ತರ ಬರೆಯುತ್ತ ಹೋದ. ಎತ್ತರ ಎಷ್ಟು ಎಂಬಲ್ಲಿಗೆ ಬಂದಾಗ ಬೆರಳು ನಿಂತಿತು. ಜೀವಮಾನವಿಡೀ ಪರರ ಜಾಗವನ್ನು ಸರಿಯಾಗಿ ಅಳೆದವನಿಗೆ ದೇವರು ಅಷ್ಟು ರಿಯಾಯಿತಿ ಕೊಡಬಾರದೇ ಎಂದುಕೊಂಡು ಎರಡು ಇಂಚು ಸೇರಿಸಿದ. ಒಂದು ಸುಳ್ಳಿಗೆ ಜೊತೆ ಬೇಕಲ್ಲ, ಉದ್ಯೋಗ ಎಂಬಲ್ಲಿ 'ಭೂಮಾಪನ ಸಲಹೆಗಾರ' ಎಂದು ಬರೆದ. ಮುಖದ ಬದಲು ಮುಳುಗುವ ಸೂರ್ಯನ ಎದುರು ನಿಂತ ತನ್ನ ಸ್ಟ್ಯಾಂಡಿನ ಚಿತ್ರ ಹಾಕಿದ. ಸ್ಟ್ಯಾಂಡು ಬಹಳ ಎತ್ತರವಾಗಿ ಕಾಣುತ್ತಿತ್ತು.

ಒಂದೆರಡು ವಾರದಲ್ಲಿ ಒಂದು ಬೆಕ್ಕಿನ ಚಿತ್ರ ಅವನನ್ನು ಮಾತಾಡಿಸಿತು. ಹೆಸರಿನ ಜಾಗದಲ್ಲಿಯೂ 'ಬೆಕ್ಕು' ಎಂದೇ ಇತ್ತು. ಉದ್ಯೋಗ: ಸಾರಿಗೆ ಉದ್ಯಮ. ಟೇಪಣ್ಣನ ಕಣ್ಣೆದುರು ಸಾಲಾಗಿ ನಿಂತ ಬಸ್ಸುಗಳು, ಅವುಗಳ ನಡುವೆ ಕಪ್ಪು ಕನ್ನಡಕ ಹಾಕಿ ಓಡಾಡುವ ಒಬ್ಬ ಹೆಂಗಸು ಬಂದು ನಿಂತಳು. ಆದರೆ ಬೆಕ್ಕಿನ ಮಾತಿನಲ್ಲಿ ಬಸ್ಸಿನ ಗದ್ದಲವೇ ಇರಲಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. 'ದಣಿದಿದ್ದೀರಾ? ಕಾಲು ಚಾಚಿ ಕೂತ್ಕೊಳ್ಳಿ, ಆಮೇಲೆ ಬರೀರಿ' ಎಂದು ಅವನಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಅಕ್ಕ ಹೇಳುತ್ತಿದ್ದುದು 'ಕಾಲು ಮಡಚಿಕೋ, ಯಾರಾದರೂ ಎಡವುತ್ತಾರೆ' ಎಂದು. ಎರಡು ತಿಂಗಳಲ್ಲಿ ಟೇಪಣ್ಣನಿಗೆ ಆ ಬೆಕ್ಕು ಇಲ್ಲದ ಸಂಜೆ ಸಂಜೆಯೇ ಅಲ್ಲ ಎನ್ನುವಂತಾಯಿತು. ಅವನು ಅವಳನ್ನು ನಿಜವಾಗಿಯೂ ಪ್ರೀತಿಸುತ್ತಿದ್ದ. ನಗುವವರು ನಗಲಿ.

'ಎದುರಿಗೆ ಭೇಟಿ ಆಗೋಣವೇ?' ಎಂದು ಅವನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಅವನಿಗೆ ಎರಡು ಇಂಚಿನ ಭಯ. ಅವಳು ಒಮ್ಮೆ, 'ನಾನು ಎದುರಿಗೆ ಅಷ್ಟು ಒಳ್ಳೆಯವಳಲ್ಲ' ಎಂದು ಬರೆದಿದ್ದಳು. ಟೇಪಣ್ಣ ಅದನ್ನು ವಿನಯ ಎಂದು ತಿಳಿದ.

ಆ ಆ್ಯಪ್‌ನಲ್ಲಿ ಒಂದು ವಿಶೇಷ ಇತ್ತು. ಮಾತಾಡುತ್ತಿರುವ ಇಬ್ಬರ ನಡುವಿನ ದೂರವನ್ನು ಅದು ಮೀಟರಿನಲ್ಲಿ ತೋರಿಸುತ್ತಿತ್ತು. ಬೇರೆ ಗಂಡಸರು ಇದನ್ನು ನೋಡಿ, ಅಬ್ಬಾ ಹತ್ತಿರದಲ್ಲೇ ಇದ್ದಾಳೆ ಎಂದು ತಲೆ ಬಾಚಿಕೊಳ್ಳುತ್ತಾರೆ. ಸರ್ವೆಯವನ ಬುದ್ಧಿ ಎಲ್ಲಿಗೆ ಓಡೀತು? ಮೂರು ಕಡೆಯಿಂದ ದೂರ ಗೊತ್ತಾದರೆ ಜಾಗ ಸಿಕ್ಕ ಹಾಗೆಯೇ. ದೂರದಿಂದ ಒಂದು ಸಲ ಅವಳನ್ನು ನೋಡಿದರೆ ಎರಡು ಇಂಚಿನ ವಿಚಾರ ಧೈರ್ಯವಾಗಿ ಹೇಳಬಹುದೋ ಇಲ್ಲವೋ ತಿಳಿಯುತ್ತದೆ ಎಂದು ಅವನ ಲೆಕ್ಕ. ಅವಳು ಹೆಚ್ಚು ಮಾತಾಡುವ ಮೂರು ಸಂಜೆ ಆರಿಸಿಕೊಂಡ. ಒಂದು ಸಂಜೆ ತನ್ನ ಮಹಡಿ ಮೇಲೆ ನಿಂತು ದೂರ ನೋಡಿಕೊಂಡ. ಇನ್ನೊಂದು ಸಂಜೆ ಬೇಕರಿಯ ಎದುರು. ಮತ್ತೊಂದು ಸಂಜೆ ನೀರಿನ ಟ್ಯಾಂಕಿನ ಕೆಳಗೆ. ತಾನು ನಿಂತ ಮೂರು ಜಾಗಗಳೂ ನಿಖರವಾಗಿರಬೇಕೆಂದು ಭಾನುವಾರ ಬೆಳಿಗ್ಗೆ ಟೇಪು ಹಿಡಿದು, ಸ್ಟ್ಯಾಂಡು ಊರಿ, ತನ್ನ ಬೀದಿಯನ್ನೇ ಈ ತುದಿಯಿಂದ ಆ ತುದಿಗೆ ಅಳೆದ.

"ಏನು ಟೇಪಣ್ಣ, ರಜಾ ದಿನಾನೂ ಡ್ಯೂಟಿನಾ?" ಎಂದ ಬೇಕರಿಯವನು.

"ಹೀಗೇ, ಸ್ವಂತ ಕೆಲಸ," ಎಂದ ಟೇಪಣ್ಣ.

ಸರ್ಕಾರಿ ನೌಕರನ ಬಾಯಲ್ಲಿ ಸ್ವಂತ ಕೆಲಸ ಎಂದರೆ ದೊಡ್ಡವರ ಕೆಲಸ ಎಂದು ಬೇಕರಿಯವನು ಅರ್ಥ ಮಾಡಿಕೊಂಡ.

ಕೋಣೆಗೆ ಬಂದು ಟೇಪಣ್ಣ ಬೀದಿಯ ನಕ್ಷೆ ಬರೆದು, ಅದರ ಮೇಲೆ ಕೈವಾರದಿಂದ ಮೂರು ದೊಡ್ಡ ವೃತ್ತ ಎಳೆದ. ಮೂರೂ ಸೇರಿದ ಬಿಂದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲೆ ಬಿತ್ತು. ಅಳತೆ ಮತ್ತೆ ಮಾಡಿದ. ಮತ್ತೆ ಕ್ಲಿನಿಕ್ಕೇ. ಆ ಕಟ್ಟಡದಲ್ಲಿ ಹೆಂಗಸು ಎನ್ನುವ ಪ್ರಾಣಿಯೇ ಇರಲಿಲ್ಲ. ಇದ್ದವರು ದಪ್ಪ ಮೀಸೆಯ ಡಾಕ್ಟರು ಒಬ್ಬರೇ.

ಮರುದಿನ ಸಂಜೆ ಟೇಪಣ್ಣ ನಿಜ ತಿಳಿಯಲೇಬೇಕೆಂದು ಕ್ಲಿನಿಕ್ಕಿಗೆ ಹೋದ. ಕಾಯುವ ಕೋಣೆಯಲ್ಲಿ ಫ್ಯಾನಿನ ಕೆಳಗೆ ಒಂದು ಕುರ್ಚಿ ಖಾಲಿ ಇತ್ತು, ಕೂತ. ಫೋನು ತೆಗೆದು ಬೆಕ್ಕಿಗೆ 'ಎಲ್ಲಿದ್ದೀರಿ?' ಎಂದು ಬರೆದ. ಅಷ್ಟರಲ್ಲಿ ಬಾಯಿ ಮುಕ್ಕಳಿಸಿಕೊಂಡು ಹೊರಬಂದ ಒಬ್ಬಾಕೆ ಅವನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಬೀದಿಯ ಮೂಲೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾಳಲ್ಲ, ಅವಳು. ಒಂದು ಕೆನ್ನೆ ಊದಿತ್ತು, ಕೈಯೆಲ್ಲ ಚೈನಿನ ಗ್ರೀಸು.

"ಏಳ್ರೀ. ನನ್ನ ಕುರ್ಚಿ ಅದು."

"ಹೆಸರು ಬರೆದಿದೆಯಾ?"

"ಮೂರು ಸಲದಿಂದ ಇದೇ ಕುರ್ಚೀಲಿ ಕೂತು ರೂಟ್ ಕೆನಾಲ್ ಮಾಡಿಸ್ಕೊಂಡಿದ್ದೀನಿ. ಇವತ್ತು ಕ್ಯಾಪ್ ಹಾಕೋದೊಂದೇ ಬಾಕಿ. ಏಳಿ."

"ಆ ಕುರ್ಚೀಲಿ ಕೂತ್ಕೊಳ್ಳಿ. ಫ್ಯಾನಿನಿಂದ ಎರಡಕ್ಕೂ ಒಂದೇ ದೂರ. ಗಾಳಿ ಸಮ ಬರುತ್ತೆ."

"ಓಹೋ, ಗಾಳೀನೂ ಅಳೀತೀರಾ? ಅದಕ್ಕೇ ನಿಮ್ಮನ್ನ ಟೇಪಣ್ಣ ಅನ್ನೋದು!"

"ನಿಮ್ಮ ಹಾಗೆ ಊರೋರ ಟ್ಯೂಬಿಗೆ ಗಾಳಿ ತುಂಬಿಸಿ ತುಂಬಿಸಿ, ಉಳಿದಿದ್ದನ್ನ ಮಾತಲ್ಲಿ ಬಿಡೋನಲ್ಲ ನಾನು!"

ಓದುಗರಿಂದ ಮುಚ್ಚಿಡುವುದೇನು, ಬೆಕ್ಕು ಇವಳೇ. ಸಾರಿಗೆ ಉದ್ಯಮ ಎಂದರೆ ಸೈಕಲ್ ಅಂಗಡಿ. ಡಾಕ್ಟರು ಗಂಟೆಗಟ್ಟಲೆ ಕಾಯಿಸುತ್ತಿದ್ದರಿಂದ ಅವಳು ಆ ಮೂರು ಸಂಜೆ ಇಲ್ಲೇ ಕೂತು ಅಷ್ಟೊಂದು ಬರೆದದ್ದು. ಇವತ್ತು ಅವಳ ಫೋನು ಚೀಲದಲ್ಲಿ ಕಿರ್ರೆಂದರೂ ಜಗಳದ ಭರದಲ್ಲಿ ಕೇಳಿಸಲಿಲ್ಲ. ಟೇಪಣ್ಣನಿಗೋ, ಬಸ್ಸುಗಳ ಒಡತಿ ಗ್ರೀಸು ಮೆತ್ತಿಕೊಂಡು ಕುರ್ಚಿಗಾಗಿ ಕೂಗಾಡುತ್ತಾಳೆಂದು ಹೊಳೆಯುವುದಾದರೂ ಹೇಗೆ? ಹತ್ತು ಹೊಲದಾಚೆಯ ಕಲ್ಲು ಕಾಣುವವನಿಗೆ ಮೂಗಿನ ಕೆಳಗಿನದು ಕಾಣಲಿಲ್ಲ.

ಜಗಳ ತಾರಕಕ್ಕೇರಿದ್ದು ಕೇಳಿ ಡಾಕ್ಟರು ಹೊರಬಂದು, ಸುಲಭದಲ್ಲಿ ಶಾಂತಿ ನೆಲೆಸಲೆಂದು ಟೇಪಣ್ಣನನ್ನೇ ಮೊದಲು ಒಳಗೆ ಎಳೆದುಕೊಂಡರು.

"ಯಾವ ಹಲ್ಲು?"

ನೋವಿದ್ದರಲ್ಲವೇ ತೋರಿಸುವುದು? ಟೇಪಣ್ಣ ಅಂದಾಜಿನಲ್ಲಿ ಒಂದರ ಮೇಲೆ ಬೆರಳಿಟ್ಟು, ತಾನು ಬಂದ ವಿಷಯಕ್ಕೆ ಬಂದ. "ಡಾಕ್ಟ್ರೇ, ನಿಮಗೆ... ಬೆಕ್ಕು..."

"ಬೆಕ್ಕು ಕಚ್ಚಿತಾ? ಹಲ್ಲಿಗಾ?" ಡಾಕ್ಟರ ಮೀಸೆ ಮೇಲೆದ್ದಿತು. "ನನ್ನ ಸರ್ವೀಸಿನಲ್ಲೇ ಇಂಥದ್ದು ಕೇಳಿಲ್ಲ. ಇದು ಇರಬಾರದು, ಕಿತ್ತೇಬಿಡೋಣ."

ಬೇಡ ಎನ್ನಲು ಬಾಯಿ ತೆರೆದದ್ದೇ ತಪ್ಪಾಯಿತು. ಪ್ರೇಮಕ್ಕಾಗಿ ಪ್ರಾಣ ಕೊಟ್ಟವರಿದ್ದಾರೆ. ಗಟ್ಟಿಮುಟ್ಟಾದ ದವಡೆ ಹಲ್ಲು ಕೊಟ್ಟವನು ಟೇಪಣ್ಣನೊಬ್ಬನೇ ಇರಬೇಕು.

ಬಾಯಲ್ಲಿ ಹತ್ತಿ ಕಚ್ಚಿಕೊಂಡು ಮನೆಯ ಗೇಟಿಗೆ ಬಂದರೆ ಅಲ್ಲಿ ಸಂತೆಯೇ ಸೇರಿತ್ತು. ಆಗಿದ್ದಿಷ್ಟು. ಮಹಡಿಯ ನಲ್ಲಿ ಸೋರುತ್ತಿದೆ ಎಂದು ನೋಡಲು ಹೋದ ಓನರಮ್ಮ ಮೇಜಿನ ಮೇಲಿದ್ದ ನಕ್ಷೆ ನೋಡಿದ್ದಳು. ತಮ್ಮದೇ ಬೀದಿ, ಅದರ ಮೇಲೆ ಕೆಂಪು ಶಾಯಿಯ ದೊಡ್ಡ ದೊಡ್ಡ ವೃತ್ತಗಳು, ನಡುವೆ ಹಲ್ಲಿನ ಡಾಕ್ಟರ ಮೇಲೆ ಒಂದು ಚುಕ್ಕಿ. ಭಾನುವಾರದ ಅಳತೆ ಅವಳ ಕಣ್ಣಾರೆ ಕಂಡದ್ದೇ. ಎರಡನ್ನೂ ಕೂಡಿಸಿ ಅವಳು ಬೇಕರಿಗೆ ಓಡಿದಳು. ಬೀದಿಯನ್ನು ಒಡೆದು ಸರ್ಕಲ್ಲು ಮಾಡುತ್ತಾರೆ, ಕೆಂಪು ಗೆರೆಯೊಳಗೆ ಬಂದ ಮನೆಗಳೆಲ್ಲ ಹೋಗುತ್ತವೆ, ಚುಕ್ಕಿ ಇಟ್ಟ ಕಡೆ ಪ್ರತಿಮೆ ನಿಲ್ಲಿಸುತ್ತಾರೆ!

"ನನ್ನ ಒಲೆ ಗೆರೆಯ ಒಳಗೋ ಹೊರಗೋ ಅಷ್ಟು ಹೇಳು ಟೇಪಣ್ಣ," ಎಂದ ಬೇಕರಿಯವನು, ಬಿಸಿ ಬನ್ನಿನ ಪೊಟ್ಟಣವನ್ನು ಅವನ ಕಂಕುಳಿಗೆ ತುರುಕುತ್ತ. "ಒಂದು ನಾಲ್ಕಡಿ ಸಣ್ಣ ಸರ್ಕಲ್ಲು ಮಾಡಿದ್ರೆ ಯಾರ ಗಂಟು ಹೋಗುತ್ತೆ?"

ಟೇಪಣ್ಣ ಕೈ ಅಲ್ಲಾಡಿಸಿದ, ತಲೆ ಅಲ್ಲಾಡಿಸಿದ, ಹತ್ತಿಯ ಸಂದಿಯಿಂದ ಏನೋ ಗೊಳಗೊಳ ಎಂದ.

"ನೋಡ್ರಪ್ಪಾ, ಬಾಯಿಗೆ ಹತ್ತಿ ತುರುಕಿ ಕಳಿಸಿದ್ದಾರೆ ಮೇಲಿನವರು," ಎಂದಳು ಓನರಮ್ಮ. "ಗುಟ್ಟು ಅಂದ್ರೆ ಗುಟ್ಟು. ಪಾಪ, ಅವನದೇನು ತಪ್ಪು? ಲೋ, ನನ್ನ ಮನೆ ಉಳಿಸಪ್ಪ, ನಿನ್ನ ನಲ್ಲಿ ನಾಳೆನೇ ಸರಿಮಾಡಿಸ್ತೀನಿ." ಆ ನಲ್ಲಿಗಾಗಿ ಅವನು ಮೂರು ವರ್ಷದಿಂದ ಅಂಗಲಾಚುತ್ತಿದ್ದ.

ಹತ್ತಿ ತೆಗೆದು ಅವನು ಸ್ಪಷ್ಟ ಕನ್ನಡದಲ್ಲಿ 'ಸರ್ಕಲ್ಲು ಇಲ್ಲ, ಏನೂ ಇಲ್ಲ' ಎಂದು ಹೇಳುವ ಹೊತ್ತಿಗೆ ಮಾತು ಮೀರಿಹೋಗಿತ್ತು. 'ಹಾಗಾದ್ರೆ ಅಳೆದಿದ್ದು ಯಾಕೆ?' ಎಂದರೆ ಮತ್ತೆ ಹತ್ತಿ ಕಚ್ಚಿಕೊಂಡ. ಬೆಂಕಿಯಿಲ್ಲದೆ ಹೊಗೆ ಆಡುವುದಿಲ್ಲ ಎಂದು ಎಲ್ಲರೂ ತಲೆದೂಗಿದರು.

ಅಂದು ರಾತ್ರಿ ಕೋಣೆಯಲ್ಲಿ ಕೂತು ಬೆಕ್ಕನ್ನು ಮಾತಾಡಿಸಿದ. ಅವಳ ಉತ್ತರ ಬಂತು: 'ನೀವು ಬರೆದಾಗ ನೋಡಲಿಲ್ಲ, ಬೇಜಾರಾಗಬೇಡಿ. ಒಬ್ಬ ಒರಟನ ಜೊತೆ ಜಗಳ ಆಡುತ್ತಿದ್ದೆ.'

'ನನಗೂ ಇವತ್ತು ಒಬ್ಬಳು ಒರಟಿ ಗಂಟುಬಿದ್ದಿದ್ದಳು,' ಎಂದು ಬರೆದ ಟೇಪಣ್ಣ. 'ಜನ ಎಷ್ಟು ಕೆಟ್ಟುಹೋಗಿದ್ದಾರೆ!'

'ನಿಮ್ಮಂಥವರೂ ಇದ್ದಾರೆ ಅನ್ನೋದೇ ಸಮಾಧಾನ.'

'ನಿಮ್ಮಂಥವರೂ.'

ಹೀಗೆ ಇಬ್ಬರೂ ಒಬ್ಬರ ವಿರುದ್ಧ ಒಬ್ಬರಿಗೇ ದೂರು ಹೇಳಿ, ಒಬ್ಬರಿಂದ ಒಬ್ಬರು ಸಮಾಧಾನ ಪಡೆದು ಹಗುರಾದರು. ಡಾಕ್ಟರೇ ಬೆಕ್ಕು ಎಂಬ ಅನುಮಾನವೂ ಟೇಪಣ್ಣನಿಗೆ ಹೋಯಿತು, ಯಾಕೆಂದರೆ ಡಾಕ್ಟರು ಅವನೊಡನೆ ಜಗಳ ಆಡಿರಲಿಲ್ಲ, ಹಲ್ಲು ಮಾತ್ರ ಕಿತ್ತಿದ್ದರು.

ಬೀದಿಯಲ್ಲಿ ಮಾತ್ರ ಸರ್ಕಲ್ಲು ದಿನೇ ದಿನೇ ಬೆಳೆಯಿತು. ಮೊದಲು ಅದನ್ನು ವಿರೋಧಿಸಿದವರೇ ಪ್ರತಿಮೆಯ ಮಾತು ಬಂದಾಗ ಎರಡು ಪಂಗಡವಾದರು. ಹೇಗೂ ಬರುವುದಾದರೆ ತನ್ನ ಅಪ್ಪನ ಪ್ರತಿಮೆ ಬರಲಿ, ಈ ಬೀದಿಗೆ ಮೊದಲು ಬನ್ನು ತಿನ್ನಿಸಿದವನು ಅವನು ಎಂದು ಬೇಕರಿಯವನ ವಾದ. ತೀರಿಕೊಂಡ ತನ್ನ ಯಜಮಾನರು ನಿಲ್ಲಲಿ, ಬದುಕಿರುವವರೆಗೆ ಅವರಿಗೆ ಮನೆಯಲ್ಲಿ ನಿಲ್ಲಲು ಪುರುಸೊತ್ತೇ ಇರಲಿಲ್ಲ ಎಂದು ಓನರಮ್ಮ. ಜಾಗ ತನ್ನದಾದ್ದರಿಂದ ಅಮೃತಶಿಲೆಯ ಒಂದು ದೊಡ್ಡ ದವಡೆ ಹಲ್ಲು ನಿಲ್ಲಿಸಬೇಕೆಂದು ಡಾಕ್ಟರು. ಸೈಕಲ್ ಅಂಗಡಿಯಾಕೆ ಒಬ್ಬಳೇ ಪ್ರತಿಮೆಯ ಗೊಡವೆಗೆ ಹೋಗದೆ ಅಂಗಡಿಯ ಮುಂದೆ ಹಳೆಯ ಟೈರುಗಳ ಗೋಡೆ ಕಟ್ಟಿ, 'ಟೇಪು ಹಿಡಿದವನು ಇತ್ತ ಬಂದರೆ ಟೇಪನ್ನೇ ನುಂಗಿಸುತ್ತೇನೆ' ಎಂದು ಸಾರಿದಳು. ಟೇಪಣ್ಣ ಆ ಮೂಲೆ ಬಿಟ್ಟು ಬಳಸು ದಾರಿ ಹಿಡಿದ.

ಸುದ್ದಿ ವಾರ್ಡ್ ಅಧಿಕಾರಿಯ ಕಿವಿಗೂ ಬಿತ್ತು. ಅವರಿಗೆ ಸರ್ಕಲ್ಲಿನ ಗಂಧಗಾಳಿಯೂ ಗೊತ್ತಿರಲಿಲ್ಲ. ಆದರೆ ತನ್ನ ವಾರ್ಡಿನ ವಿಷಯ ತನಗೇ ಗೊತ್ತಿಲ್ಲ ಎಂದು ಯಾವ ಅಧಿಕಾರಿ ಒಪ್ಪಿಕೊಂಡಾನು? "ವಿಷಯ ನಮ್ಮ ಗಮನದಲ್ಲಿದೆ," ಎಂದುಬಿಟ್ಟರು. ಆಮೇಲೆ ಗುಟ್ಟಾಗಿ ಟೇಪಣ್ಣನ ಕಚೇರಿಗೇ ಬಂದು ಪಿಸುಗುಟ್ಟಿದರು. "ಆರ್ಡರ್ ಎಲ್ಲಿಂದ ಬಂತು ಮಾರಾಯ? ಮೇಲಿನಿಂದಾನಾ?"

"ಇಲ್ಲ ಸಾರ್, ನಾನೇ..."

"ಗೊತ್ತಾಯ್ತು, ಗೊತ್ತಾಯ್ತು. ಹೆಸರು ಹೇಳಬೇಡ. ಅಷ್ಟು ಮೇಲಿನಿಂದ ಅಂದ್ರೆ ನನಗೂ ತಿಳೀದೇ ಇರೋದು ಒಳ್ಳೇದು." ಹಿಂದಿರುಗಿ ಹೋದವರೇ ತಮ್ಮ ಮೇಲಧಿಕಾರಿಗೆ ಸರ್ಕಲ್ಲಿನ ಕೆಲಸ ಭರದಿಂದ ಸಾಗಿದೆ ಎಂದು ತಿಳಿಸಿದರು. ಮೇಲಧಿಕಾರಿಯೂ ತನಗೆ ಗೊತ್ತಿಲ್ಲ ಎನ್ನಲಾರದೆ ಶಹಭಾಸ್ ಎಂದರು. ಶನಿವಾರ ಶಾಲೆಯ ಸಭಾಂಗಣದಲ್ಲಿ ಸಾರ್ವಜನಿಕ ಸಭೆ ಎಂದು ಡಂಗುರವಾಯಿತು. ಅಂದರೆ ಯಾರೂ ಶುರುಮಾಡದ ಕೆಲಸ ಈಗ ಯಾರಿಂದಲೂ ನಿಲ್ಲಿಸಲಾಗದ ಹಂತಕ್ಕೆ ಬಂದಿತ್ತು.

ಟೇಪಣ್ಣ ಇದನ್ನೆಲ್ಲ ಗಾಳಿಗೆ ಬಿಟ್ಟು ತಲೆತಗ್ಗಿಸಿಕೊಂಡು ಇದ್ದುಬಿಡುತ್ತಿದ್ದನೋ ಏನೋ. ಶುಕ್ರವಾರ ಬೆಕ್ಕಿನಿಂದ ಬಂದ ಮಾತು ಅವನ ಕಾಲ ಕೆಳಗಿನ ನೆಲವನ್ನೇ ಎಳೆದುಬಿಟ್ಟಿತು.

'ನಾನು ಊರು ಬಿಡುತ್ತಿದ್ದೇನೆ. ನಮ್ಮ ಬೀದಿ ಒಡೆಯುತ್ತಾರಂತೆ. ಟೇಪು ಹಿಡಿದ ಒಬ್ಬ ಪಾಪಿ ಬಂದು ಅಳೆದ, ಅಷ್ಟೇ, ಎಲ್ಲಾ ಮುಗಿಯಿತು. ಅಧಿಕಾರಿಗಳೇ ಹೌದು ಅಂದಿದ್ದಾರೆ. ನನ್ನ ಉದ್ಯಮ ಅಂದ್ರೆ ಏನೋ ಅಂದುಕೊಂಡಿದ್ದೀರೇನೋ, ಅದೊಂದು ಸಣ್ಣ ಜಾಗ, ಅಪ್ಪ ಬಿಟ್ಟುಹೋದದ್ದು. ಅದು ಹೋದ ಮೇಲೆ ಇಲ್ಲಿ ನನಗೇನಿದೆ? ಭಾನುವಾರ ಅಕ್ಕನ ಊರಿಗೆ ಹೋಗುತ್ತೇನೆ. ಅಷ್ಟು ದೂರದವರನ್ನು ಈ ಆ್ಯಪ್ ತೋರಿಸುವುದಿಲ್ಲವಂತೆ. ಚೆನ್ನಾಗಿರಿ.'

ಟೇಪಣ್ಣ ಮೂರು ಸಲ ಓದಿದ. ಅವಳು ಇದೇ ಬೀದಿಯವಳು. ಅವಳನ್ನು ಕಾಣಬೇಕೆಂದು ಹೊರಟ ಅಳತೆಯೇ ಅವಳನ್ನು ಓಡಿಸುತ್ತಿದೆ. ಆ ಪಾಪಿ ನಾನೇ ಎಂದು ಬರೆಯಲು ಬೆರಳು ಏಳಲಿಲ್ಲ. 'ಹೋಗಬೇಡಿ, ಬೀದಿಗೆ ಏನೂ ಆಗುವುದಿಲ್ಲ' ಎಂದು ಬರೆದ. 'ಸಮಾಧಾನದ ಮಾತು ಬೇಡ, ನಿಮಗೇನು ಗೊತ್ತು' ಎಂದು ಉತ್ತರ ಬಂತು. ಆಮೇಲೆ ಎಷ್ಟು ಬರೆದರೂ ಬೆಕ್ಕು ಮಾತಾಡಲಿಲ್ಲ. ಟೇಪಣ್ಣನಿಗೆ ಅಳು ಬಂತು. ಅತ್ತ.

ಶನಿವಾರ ಸಭಾಂಗಣ ಕಿಕ್ಕಿರಿದಿತ್ತು. ಒಂದನೇ ಕ್ಲಾಸಿನ ಪುಟ್ಟ ಬೆಂಚುಗಳಲ್ಲಿ ದೊಡ್ಡವರೆಲ್ಲ ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಸೈಕಲ್ ಅಂಗಡಿಯಾಕೆ ಗೋಡೆಗೊರಗಿ ತೋಳು ಕಟ್ಟಿ ನಿಂತಿದ್ದಳು.

"ಸರ್ಕಲ್ಲು ಬರೋದು ಖಚಿತ," ಎಂದರು ಅಧಿಕಾರಿಗಳು. "ಪ್ರತಿಮೆ ಯಾರದು ಅನ್ನೋದು ಮಾತ್ರ ಪರಿಶೀಲನೆಯಲ್ಲಿದೆ."

"ಸರ್ಕಲ್ಲು ಬರೋದಿಲ್ಲ," ಎಂದ ಟೇಪಣ್ಣ, ಎದ್ದು ನಿಂತು. ಬೆಂಚೂ ಅವನ ಜೊತೆ ಅರ್ಧ ಎದ್ದಿತು.

ಅಧಿಕಾರಿಗಳು ನೀರು ಕುಡಿದರು. "ಹಾಗಾದ್ರೆ ನೀನು ಅಳೆದಿದ್ದು ಏನನ್ನಯ್ಯಾ?"

"ಒಬ್ಬ ಹೆಂಗಸನ್ನ ಹುಡುಕ್ತಿದ್ದೆ ಸಾರ್."

"ಟೇಪು ಹಿಡಿದುಕೊಂಡು?"

ಟೇಪಣ್ಣ ಎಲ್ಲವನ್ನೂ ಹೇಳಿದ. ಆ್ಯಪಿನದು ಹೇಳಿದ, ಬೆಕ್ಕಿನದು ಹೇಳಿದ, ಮೂರು ವೃತ್ತದ್ದು ಹೇಳಿದ. "ಎತ್ತರ ಎರಡು ಇಂಚು ಜಾಸ್ತಿ ಬರ್ಕೊಂಡಿದ್ದೆ. ಎದುರಿಗೆ ಹೋಗೋಕೆ ಧೈರ್ಯ ಸಾಲದೆ, ದೂರದಿಂದ ನೋಡೋಣ ಅಂತ ಅಳೆದೆ."

"ಎಷ್ಟು ಅಂತ ಬರೆದಿದ್ದೀಯೋ?" ಎಂದು ಓನರಮ್ಮ ಕೇಳಿ ತಿಳಿದುಕೊಂಡು, "ಎರಡಲ್ಲ ಕಣೋ, ಮೂರು ಇಂಚು ಸುಳ್ಳು," ಎಂದು ತಿದ್ದಿದಳು.

ಸಭಾಂಗಣ ನಗೆಯಿಂದ ಅಲುಗಾಡಿತು. ಟೇಪಣ್ಣ ನಗು ನಿಲ್ಲುವವರೆಗೆ ಕಾದ. "ನಗಿ. ಆದ್ರೆ ಆಕೆ ಇಲ್ಲೇ ಎಲ್ಲೋ ಇದ್ದಾರೆ, ನನ್ನಿಂದಾಗಿ ನಾಳೆ ಊರು ಬಿಡ್ತಿದ್ದಾರೆ. ಅಮ್ಮಾ, ನೀವು ಯಾರಾದ್ರೂ ಸರಿ, ಹೋಗಬೇಡಿ. ಯಾರ ಜಾಗಾನೂ ಹೋಗೋದಿಲ್ಲ. ನನ್ನ ಜೊತೆ ಮಾತು ಬಿಟ್ರೂ ಪರವಾಗಿಲ್ಲ. ನಿಮ್ಮ ಅಪ್ಪನ ಜಾಗದಲ್ಲಿ ನೀವಿರಿ." ಅವನು ಇದನ್ನೆಲ್ಲ ಕಿಟಕಿಯ ಕಡೆ ನೋಡಿಕೊಂಡು ಹೇಳುತ್ತಿದ್ದ.

"ಕಟ್ಟುಕಥೆ!" ಎಂದ ಬೇಕರಿಯವನು. "ಇಲಾಖೆಯವರು ಕಳಿಸಿ ಹೀಗೆ ಹೇಳಿಸ್ತಿದ್ದಾರೆ. ಇದ್ರೆ ಆ ಹೆಂಗಸನ್ನ ತೋರಿಸಲಿ!"

"ಹೌದು," ಎಂದರು ಅಧಿಕಾರಿಗಳು, ಒಂದು ದಾರಿ ಕಂಡವರಂತೆ. "ಹೆಂಗಸು ಇದ್ರೆ ಸರ್ಕಲ್ಲಿಲ್ಲ. ಹೆಂಗಸು ಇಲ್ಲ ಅಂದ್ರೆ ಸರ್ಕಲ್ಲುಂಟು."

ಯಾರೂ ಏಳಲಿಲ್ಲ. ಟೇಪನ್ನೇ ನುಂಗಿಸುತ್ತೇನೆಂದು ಬೀದಿಗೆಲ್ಲ ಸಾರಿದವಳು ಅದೇ ಬೀದಿಯ ಮುಂದೆ ಬಾಯಿ ಬಿಡುವುದು ಸುಲಭವೇ? ಸೈಕಲ್ ಅಂಗಡಿಯಾಕೆಯ ಮುಖ ಕೆಂಪಾಯಿತು, ಬಿಳುಪಾಯಿತು, ಮತ್ತೆ ಕೆಂಪಾಯಿತು. ಕೊನೆಗೆ ಅವಳು ಗೋಡೆ ಬಿಟ್ಟು ಮುಂದೆ ಬಂದಳು.

"ನಿಮ್ಮ ಅಳತೆ ತಪ್ಪುರೀ," ಎಂದಳು ಟೇಪಣ್ಣನಿಗೆ.

ಎಂಥ ಹೊತ್ತಿನಲ್ಲೂ ಟೇಪಣ್ಣ ಈ ಮಾತನ್ನು ಸಹಿಸುವವನಲ್ಲ. "ತಪ್ಪಾಗೋಕೆ ಸಾಧ್ಯಾನೇ ಇಲ್ಲ. ಮೂರು ಸಲ ನೋಡಿದ್ದೀನಿ."

"ಮೂರು ಸಲಾನೂ ನಾನು ಹಲ್ಲಿನ ಡಾಕ್ಟ್ರ ಹತ್ರ ಕೂತಿದ್ದೆ. ಫ್ಯಾನಿನ ಕೆಳಗೆ. ನನ್ನ ಕುರ್ಚೀಲಿ."

ಟೇಪಣ್ಣನ ಬಾಯಿ ತೆರೆಯಿತು, ಕಿತ್ತ ಹಲ್ಲಿನ ಜಾಗ ಮೊದಲ ಸಾಲಿನವರಿಗೆಲ್ಲ ಕಂಡಿತು. "ಬಸ್ಸು..." ಎಂದ.

"ಸಾರಿಗೆ ಉದ್ಯಮ ಅಂದೆ. ಬಸ್ಸು ಅಂತ ಎಲ್ಲಿ ಬರೆದಿದ್ದೆ?"

ಆಮೇಲೆ ಆ ಸಭಾಂಗಣದಲ್ಲಿ ಎದ್ದ ಗದ್ದಲವನ್ನು ವರ್ಣಿಸುವುದು ಅಸಾಧ್ಯ. ಒಬ್ಬೊಬ್ಬರೂ ತಮ್ಮ ತಮ್ಮ ಕಥೆ ತೆಗೆದರು. "ಇಷ್ಟಕ್ಕೆ ಇಷ್ಟೆಲ್ಲಾ ಬೇಕಿತ್ತಾ?" ಎಂದ ಬೇಕರಿಯವನು. "ನನ್ನವಳು ಸೀದುಹೋದ ಬನ್ನನ್ನ ನನ್ನ ಮುಖಕ್ಕೆ ಎಸೆಯೋಕೆ ಬಂದಿದ್ದಳು. ಎದುರಾಎದುರೇ ಆಗಿಹೋಯ್ತು." ಓನರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಮ್ಮ ಯಜಮಾನರು ಕರೆಂಟ್ ಮೀಟರ್ ನೋಡೋಕೆ ಬಂದೋರು. ವಾರಕ್ಕೆ ಮೂರು ಸಲ ಬರೋಕೆ ಶುರುಮಾಡಿದಾಗ್ಲೇ ನಮ್ಮಪ್ಪಂಗೆ ಗೊತ್ತಾಗಿದ್ದು." ಅಧಿಕಾರಿಗಳೂ ಮೈಮರೆತರು. "ನನ್ನ ಹೆಂಡತಿ ಒಂದು ಅರ್ಜಿ ಹಿಡಿದು ಕೌಂಟರಿಗೆ ಬಂದಿದ್ದಳು. ಒಂದೊಂದು ಸಲಕ್ಕೆ ಒಂದೊಂದು ಕಾಗದ ಕಮ್ಮಿ ಅಂತ ವಾಪಸ್ ಕಳಿಸ್ತಾ ಹೋದೆ. ಮತ್ತೆ ಬರಲಿ ಅಂತ. ಆ ಅರ್ಜಿ ಇನ್ನೂ ಮಂಜೂರಾಗಿಲ್ಲ, ದಿನಾ ಕೇಳ್ತಾಳೆ."

"ಸಾರ್, ಸರ್ಕಲ್ಲು?" ಎಂದು ಯಾರೋ ನೆನಪಿಸಿದರು.

ಅಧಿಕಾರಿಗಳು ಗಂಟಲು ಸರಿಮಾಡಿಕೊಂಡು ಗಂಭೀರರಾದರು. ಇಲ್ಲದ ಯೋಜನೆಯನ್ನು ರದ್ದುಮಾಡುವುದು ಹೇಗೆ ಎಂದು ಸ್ವಲ್ಪ ಹೊತ್ತು ಯೋಚಿಸಿದರು. "ಹುಡುಕುತ್ತಿದ್ದ ಜಾಗ ಸಿಕ್ಕಿದ್ದರಿಂದ ಕೆಲಸ ಪೂರ್ಣಗೊಂಡಿದೆ ಅಂತ ಮೇಲಿನವರಿಗೆ ತಿಳಿಸ್ತೀನಿ. ಸಭೆ ಮುಗೀತು."

ಹೊರಗೆ ಬಂದರೆ, ಎರಡು ತಿಂಗಳು ಬಿಡುವಿಲ್ಲದೆ ಮಾತಾಡಿದ ಇಬ್ಬರಿಗೂ ಮಾತೇ ಹೊರಡಲಿಲ್ಲ. ಬೀದಿ ಉದ್ದಕ್ಕೂ ಮೂಕರ ಹಾಗೆ ನಡೆದರು. ಹಿಂದೆ ಬರುತ್ತಿದ್ದವರು ಕೇಳಿಸಿಕೊಳ್ಳಲು ಏನೂ ಇಲ್ಲದೆ ಬೇಸತ್ತು ಒಬ್ಬೊಬ್ಬರಾಗಿ ಮನೆ ಸೇರಿದರು. ಅಂಗಡಿಯ ಮುಂದೆ ಟೈರಿನ ಗೋಡೆ ಹಾಗೇ ಇತ್ತು, ಒಳಗೆ ಅರ್ಧ ಕಟ್ಟಿದ ಗಂಟುಮೂಟೆ. ಟೇಪಣ್ಣ ಒಂದೊಂದೇ ಟೈರು ಎತ್ತಿ ಪಕ್ಕಕ್ಕಿಡತೊಡಗಿದ. ಅವಳು ತಡೆಯಲಿಲ್ಲ, ತಾನೂ ಸೇರಿದಳು.

"ಒಂದು ಕೇಳ್ಲಾ?" ಎಂದ ಅವನು ಕೊನೆಗೆ. "ಫೋನಲ್ಲಿ ಬರೀತಿದ್ದವರೂ ನೀವೇನಾ? ಅವರು ಅಷ್ಟು ಮೆತ್ತಗೆ..."

"ನಾನೇ." ಅವಳು ಟೈರು ಕೆಳಗಿಟ್ಟಳು. "ಫೋನು ಮುಟ್ಟಬೇಕಾದ್ರೆ ಕೈ ತೊಳೀಬೇಕಲ್ಲ. ಈ ಗ್ರೀಸು ಬೇಗ ಹೋಗಲ್ಲ. ಸೋಪು ಹಾಕಿ ಉಜ್ಜೀ ಉಜ್ಜೀ ತೊಳೆಯೋ ಹೊತ್ತಿಗೆ ಸಿಟ್ಟೂ ಇಳಿದುಹೋಗಿರುತ್ತೆ. ಎದುರಿಗೆ ಬಂದವರಿಗೆ ಅಷ್ಟು ಹೊತ್ತು ಎಲ್ಲಿ ಸಿಗುತ್ತೆ? ಅದಕ್ಕೇ ಹೇಳಿದ್ದು, ಎದುರಿಗೆ ನಾನು ಅಷ್ಟು ಒಳ್ಳೆಯವಳಲ್ಲ ಅಂತ." ನೆಲ ನೋಡುತ್ತ, "ಒಳಗೆ ಬನ್ನಿ, ಟೀ ಮಾಡ್ತೀನಿ. ಇರಿ, ಕೈ ತೊಳ್ಕೊಂಡು ಬರ್ತೀನಿ," ಎಂದಳು.

"ತೊಳೀಬೇಡಿ," ಎಂದ ಟೇಪಣ್ಣ.

ಮಾರನೆಯ ಬೆಳಿಗ್ಗೆ ತನ್ನ ಅಕ್ಕನ ಮನೆಗೆ ಹೋಗಿ ಸುದ್ದಿ ಹೇಳಲು ಹೊರಟ ಟೇಪಣ್ಣನನ್ನು ಓನರಮ್ಮ ಗೇಟಿನಲ್ಲಿ ತಡೆದಳು. ಅವನ ಬಿಳಿ ಶರ್ಟಿನ ತೋಳಿನ ಮೇಲೆ ಐದು ಬೆರಳೂ ಎದ್ದು ಕಾಣುವ ಹಾಗೆ ಗ್ರೀಸಿನ ಗುರುತಿತ್ತು.

"ಅಯ್ಯೋ, ಇದನ್ನ ಹಾಕ್ಕೊಂಡು ಅಕ್ಕನ ಮನೆಗೆ ಹೊರಟಿದ್ದೀಯಲ್ಲೋ! ಕೊಡು ಇಲ್ಲಿ, ಸೀಮೆಎಣ್ಣೆ ಹಾಕಿ ಉಜ್ಜಿದ್ರೆ ಹೋಗುತ್ತೆ."

"ಹೋಗುತ್ತೆ ಅಂತಲೇ ಉಜ್ಜಿಲ್ಲ ಓನರಮ್ಮ," ಎಂದು ಟೇಪಣ್ಣ ಆ ತೋಳನ್ನು ಬೀದಿಯ ಕಡೆಗೆ ಮಾಡಿಕೊಂಡು ನಡೆದ.